ಮೌನವನ್ನು ನಾನು ಪ್ರತಿರೋಧವೆಂದು ಬರೆದುಕೊಂಡಿದ್ದೆ: ನರವೈವಿಧ್ಯವುಳ್ಳವರಿಗೆ ಕೋಚಿಂಗ್ ನೀಡುವಾಗ ಏನನ್ನು ಬದಲಿಸಬೇಕು?

ನೇರಳೆಮರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಖಾಸಗಿ ಬ್ಯಾಂಕೊಂದರ ತರಬೇತಿ ವಿಭಾಗದಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದ ನಾನು ಈಗ ಐದು ವರ್ಷಗಳಿಂದ ಮೈಸೂರಿನ ಮನೆಯಿಂದಲೇ ಉದ್ಯೋಗಸ್ಥರಿಗೆ ಕೋಚಿಂಗ್ ನೀಡುತ್ತಿದ್ದೇನೆ. (ಕೋಚಿಂಗ್ ಎಂದೊಡನೆ ನಮ್ಮಲ್ಲಿ ನೀಟ್, ಸಿಇಟಿ ಪಾಠವೇ ನೆನಪಾಗುವುದರಿಂದ ಇಷ್ಟು ಹೇಳಬೇಕು: ನಾನು ಪಾಠ ಮಾಡುವುದಿಲ್ಲ, ಎದುರಿಗಿರುವವರು ತಮ್ಮ ಕೆಲಸದ ತೊಡಕನ್ನು ತಾವೇ ಬಿಡಿಸಿಕೊಳ್ಳುವವರೆಗೆ ಪ್ರಶ್ನೆ ಕೇಳುತ್ತಾ ಜೊತೆಗಿರುವುದು ನನ್ನ ಕೆಲಸ.)

ನಾನು ಕೇಳಬೇಕೆಂದಿರುವುದು ನರವೈವಿಧ್ಯವುಳ್ಳ, ಎಂದರೆ ಮಿದುಳು ಕೆಲಸ ಮಾಡುವ ರೀತಿ ಬಹುಪಾಲು ಜನರಿಗಿಂತ ಬೇರೆಯಾಗಿರುವ, ಒಬ್ಬರ ವಿಷಯ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಅವರು ಮೂವತ್ತು ದಾಟಿದ ಎಂಜಿನಿಯರು. ಕೆಲಸದಲ್ಲಿ ನಿಪುಣರೆಂಬ ಕಾರಣಕ್ಕೆ ಆರು ಜನರ ತಂಡವನ್ನು ಅವರ ಕೈಗೆ ಕೊಟ್ಟ ಕಂಪನಿ, ತಂಡ ನಡೆಸುವುದು ಅವರಿಗೆ ಒಗ್ಗುತ್ತಿಲ್ಲವೆಂದು ಕಂಡು, ಆರು ತಿಂಗಳಲ್ಲಿ ಹನ್ನೆರಡು ಭೇಟಿಗಳ ಕೋಚಿಂಗಿಗೆಂದು ನನ್ನ ಬಳಿ ಕಳುಹಿಸಿತು. ಮೊದಲ ನಾಲ್ಕು ಭೇಟಿಗಳಲ್ಲಿ ಅವರು ಕ್ಯಾಮೆರಾದತ್ತ ನೋಡಲೇ ಇಲ್ಲ. “ಆ ಸಭೆಯಲ್ಲಿ ನಿಮಗೆ ಹೇಗನ್ನಿಸಿತು?” ಎಂದು ಕೇಳಿದರೆ “ಗೊತ್ತಿಲ್ಲ” ಎನ್ನುತ್ತಿದ್ದರು. ಪ್ರಶ್ನೆ ಕೇಳಿದ ಮೇಲೆ ಕೋಚ್ ಬಾಯಿ ತೆರೆಯಬಾರದು, ಆ ಮೌನದಿಂದಲೇ ಉತ್ತರ ಹೊರಬರುತ್ತದೆ ಎಂದು ನಮಗೆ ಕಲಿಸಿದ್ದಾರೆ. ನಾನು ಸುಮ್ಮನಿದ್ದೆ, ಅವರೂ ಸುಮ್ಮನಿದ್ದರು. ಒಮ್ಮೆ ಹಾಗೆಯೇ ಎರಡು ನಿಮಿಷ ಕಳೆದುಹೋಯಿತು. ಮುಂದಿನ ಭೇಟಿಯೊಳಗೆ ಮಾಡುತ್ತೇನೆಂದು ತಾವೇ ಹೇಳಿದ ಕೆಲಸಗಳಲ್ಲಿ ಒಂದನ್ನೂ ಅವರು ಮಾಡಿರುತ್ತಿರಲಿಲ್ಲ. ನನ್ನ ಟಿಪ್ಪಣಿ ಪುಸ್ತಕದಲ್ಲಿ “ಬದಲಾವಣೆಗೆ ಪ್ರತಿರೋಧ ಇದೆ” ಎಂದು ಬರೆದಿಟ್ಟೆ.

ಐದನೆಯ ಭೇಟಿಯ ಕೊನೆಯ ಐದು ನಿಮಿಷದಲ್ಲಿ ಅವರು, ತಮಗೆ ಆಟಿಸಂ (ಇತರರೊಡನೆ ಬೆರೆಯುವ, ಸುತ್ತಲಿನದನ್ನು ಗ್ರಹಿಸುವ ರೀತಿಯೇ ಬೇರೆಯಾಗಿರುವ ಸ್ಥಿತಿ) ಮತ್ತು ಎಡಿಎಚ್‌ಡಿ (ಗಮನ ನಿಲ್ಲಿಸುವುದು, ಸುಮ್ಮನೆ ಕೂರುವುದು ಕಷ್ಟವಾಗುವ ಸ್ಥಿತಿ) ಎರಡೂ ಇವೆಯೆಂದು ಕಳೆದ ವರ್ಷ ವೈದ್ಯರು ಹೇಳಿದರೆಂದೂ, ಕಂಪನಿಗೆ ಇದು ತಿಳಿಯದೆಂದೂ ಹೇಳಿದರು. ಆ ರಾತ್ರಿ ನನ್ನ ಟಿಪ್ಪಣಿಯನ್ನು ಮತ್ತೆ ಓದಿದಾಗ ನನಗೆ ನಾಚಿಕೆಯಾಯಿತು.

ಈಗ ನನ್ನ ಸಂದೇಹಗಳು ಮೂರು. ನಾನು ಪ್ರಶ್ನೆ ಕೇಳುವ ಕ್ರಮದಲ್ಲಿ ಏನನ್ನು ಬದಲಿಸಬೇಕು? ಒಪ್ಪಿಕೊಂಡ ಕೆಲಸ ಪ್ರತಿ ಸಲವೂ ಆಗದೆ ಉಳಿದಾಗ, ಅದನ್ನು ಸೋಲೆಂದು ಭಾವಿಸದೆ, ಹಾಗೆಂದು ಕೈಬಿಡದೆಯೂ ಮುಂದುವರಿಯುವುದು ಹೇಗೆ? ಹಣ ಕೊಡುತ್ತಿರುವ ಕಂಪನಿ ಮುಂದಿನ ತಿಂಗಳು ಪ್ರಗತಿ ವರದಿ ಕೇಳುತ್ತದೆ. ಅದರಲ್ಲಿ ಏನು ಬರೆಯಲಿ?

ಹಳೆ_ರೇಡಿಯೋ

ಮೇಡಂ, ನಾನು ಕೋಚ್ ಅಲ್ಲ. ನಿಮ್ಮ ಎಂಜಿನಿಯರ್ ಕುಳಿತ ಕುರ್ಚಿಯಲ್ಲಿ ಎರಡು ವರ್ಷದ ಹಿಂದೆ ಕುಳಿತಿದ್ದವನು. ನನಗೂ ಎರಡೂ ಇವೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿ ಬರುವವರೆಗೆ, ಅದರ ನಿಯಮದ ಪ್ರಕಾರ ಆಟಿಸಂ ಇರುವವರಿಗೆ ಎಡಿಎಚ್‌ಡಿಯೂ ಇದೆಯೆಂದು ಹೇಳುವಂತೆಯೇ ಇರಲಿಲ್ಲ. ಆದ್ದರಿಂದ ನಮ್ಮ ವಯಸ್ಸಿನವರಲ್ಲಿ ಅನೇಕರಿಗೆ ಇದು ತಿಳಿದದ್ದು ಮದುವೆಯಾಗಿ ಮಕ್ಕಳಾದ ಮೇಲೆ. ನನ್ನ ವಿಷಯದಲ್ಲಂತೂ ಮಗನನ್ನು ಪರೀಕ್ಷೆಗೆ ಕರೆದೊಯ್ದಿದ್ದಾಗ, ಅಲ್ಲಿ ಕೇಳಿದ ಪ್ರಶ್ನೆಗಳಿಗೆಲ್ಲ ನನ್ನದೇ ಉತ್ತರ ಮನಸ್ಸಿನಲ್ಲಿ ಬರುತ್ತಿತ್ತು.

“ಹೇಗನ್ನಿಸಿತು?” ಎಂಬ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. “ಗೊತ್ತಿಲ್ಲ” ಎಂಬುದು ತಪ್ಪಿಸಿಕೊಳ್ಳುವ ಮಾತಲ್ಲ, ಪ್ರಾಮಾಣಿಕವಾದ ಉತ್ತರ. ತನ್ನೊಳಗಿನ ಭಾವನೆ ಯಾವುದೆಂದು ಗುರುತಿಸಿ ಹೆಸರಿಡಲು ಕಷ್ಟವಾಗುವ ಸ್ಥಿತಿಗೆ ಅಲೆಕ್ಸಿಥೈಮಿಯಾ ಎನ್ನುತ್ತಾರೆ. ಆಟಿಸಂ ಇರುವವರೆಲ್ಲರಿಗೂ ಅದು ಇರುವುದಿಲ್ಲ, ಆದರೆ ಉಳಿದವರಿಗಿಂತ ನಮ್ಮಲ್ಲಿ ಬಹಳ ಹೆಚ್ಚು. ಸಭೆ ಮುಗಿದಾಗ ನನಗೆ ಕೋಪ ಬಂದಿದೆಯೋ ಹಸಿವಾಗಿದೆಯೋ ಎಂಬುದು ಸಂಜೆಯ ಹೊತ್ತಿಗೆ ತಿಳಿದರೆ ಅದೇ ಹೆಚ್ಚು. ಅದರ ಬದಲು “ಆ ಸಭೆಯಲ್ಲಿ ಮೊದಲು ಯಾರು ಮಾತಾಡಿದರು? ಆಗ ನೀವು ಏನು ಮಾಡಿದಿರಿ? ಭುಜ ಬಿಗಿಯಾಗಿತ್ತೇ?” ಎಂದು ಕೇಳಿದರೆ ನಾನು ಅರ್ಧ ಗಂಟೆ ಹೇಳಬಲ್ಲೆ. ನಡೆದದ್ದರಿಂದ ಹೊರಟು ಅನ್ನಿಸಿದ್ದಕ್ಕೆ ಬರುವ ದಾರಿ ನಮ್ಮದು. ನೀವು ಅದನ್ನು ಹಿಂದುಮುಂದು ಮಾಡಿ ಕೇಳುತ್ತಿದ್ದೀರಿ.

ಬಾಗಿಲು ತೆರೆದಿಟ್ಟಂಥ ವಿಶಾಲ ಪ್ರಶ್ನೆಗಳೂ ಹಾಗೆಯೇ. “ಐದು ವರ್ಷದ ನಂತರ ನಿಮ್ಮನ್ನು ಎಲ್ಲಿ ಕಾಣುತ್ತೀರಿ?” ಎಂದು ನನ್ನ ಕೋಚ್ ಕೇಳಿದಾಗ, ನಾನು “ಇದೇ ಮನೆಯಲ್ಲಿ, ಸಾಲ ಇನ್ನೂ ಒಂಬತ್ತು ವರ್ಷ ಇದೆ” ಎಂದೆ. ಅವರು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ. ಒಂದರಿಂದ ಹತ್ತರೊಳಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳುವ ಪದ್ಧತಿ ನಿಮ್ಮಲ್ಲಿದ್ದರೆ, ಏಳು ಎಂದರೆ ಏನು, ನಾಲ್ಕು ಎಂದರೆ ಏನು ಎಂಬುದನ್ನು ಮೊದಲು ಇಬ್ಬರೂ ಕೂಡಿ ಗೊತ್ತುಮಾಡಿಕೊಳ್ಳಿ. ಇಲ್ಲದಿದ್ದರೆ ನಾವು ಬಾಯಿಗೆ ಬಂದ ಅಂಕ ಹೇಳಿ, ಆಮೇಲೆ ಅದು ಸರಿಯೇ ಎಂದು ವಾರವಿಡೀ ಕೊರಗುತ್ತೇವೆ.

ಇನ್ನು ಮೌನ. ನಿಮಗೆ ಅದು ಉಪಕರಣ. ನನಗೆ ಅದು, ನಾನೇನೋ ತಪ್ಪು ಹೇಳಿದೆನೆಂಬ ಸೂಚನೆ. ಪ್ರಶ್ನೆಗಳನ್ನು ಹಿಂದಿನ ದಿನವೇ ಬರೆದು ಕಳುಹಿಸಿದರೆ ಯೋಚಿಸಲು ಬೇಕಾದ ಹೊತ್ತು ನಿಮ್ಮೆದುರಿಗೆ ಕುಳಿತು ಕಳೆಯಬೇಕಾಗುವುದಿಲ್ಲ. ಭೇಟಿಯ ನಡುವೆ ಸುಮ್ಮನಿರುವಿರಾದರೆ “ಯೋಚಿಸಿ, ನಾನು ಕಾಯುತ್ತೇನೆ” ಎಂದು ಬಾಯಿಬಿಟ್ಟು ಹೇಳಿ. ಕ್ಯಾಮೆರಾದತ್ತ ನೋಡುವುದನ್ನಂತೂ ನಿರೀಕ್ಷಿಸಲೇಬೇಡಿ. ನಾನು ನಿಮ್ಮ ಕಣ್ಣನ್ನೇ ನೋಡುತ್ತಿದ್ದರೆ ನಿಮ್ಮ ಮಾತು ನನ್ನ ಕಿವಿಗೆ ಬೀಳುತ್ತಿಲ್ಲವೆಂದೇ ಅರ್ಥ.

ಒಂದು ಮಾತನ್ನು ಇಲ್ಲಿ ಸೇರಿಸಲೇಬೇಕು. ಆಟಿಸಂ ಇರುವವರಿಗೆ ಇತರರ ಮನಸ್ಸು ಅರ್ಥವಾಗುವುದಿಲ್ಲ ಎಂಬುದನ್ನೇ ಎಲ್ಲೆಡೆ ಬರೆದಿರುತ್ತಾರೆ. ತಾವೂ ಆಟಿಸಂ ಉಳ್ಳವರಾದ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಅದನ್ನು ತಿರುಗಿಸಿ, ಅರ್ಥವಾಗದಿರುವುದು ಎರಡೂ ಕಡೆಯ ಸಮಸ್ಯೆ ಎಂದರು. ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾವು ಚಿಕ್ಕಂದಿನಲ್ಲಿ ಸಾಲಾಗಿ ಕುಳಿತು ಕಿವಿಯಿಂದ ಕಿವಿಗೆ ಮಾತು ದಾಟಿಸುತ್ತಿದ್ದ ಆಟದಂತೆ, ಎಂಟೆಂಟು ಜನರ ಸರಪಳಿಯಲ್ಲಿ ಒಂದು ಕಥೆಯನ್ನು ದಾಟಿಸಿದರು. ಆಟಿಸಂ ಇರುವವರೇ ಇದ್ದ ಸರಪಳಿಯಲ್ಲಿ ಕಥೆಯು ಆಟಿಸಂ ಇಲ್ಲದವರ ಸರಪಳಿಯಷ್ಟೇ ಚೆನ್ನಾಗಿ ದಾಟಿತು. ಇಬ್ಬರೂ ಬೆರೆತ ಸರಪಳಿಯಲ್ಲಿ ಹೆಚ್ಚು ಸೋರಿಹೋಯಿತು. ನೀವೂ ನಿಮ್ಮ ಎಂಜಿನಿಯರೂ ಇರುವುದು ಆ ಮೂರನೆಯ ಸರಪಳಿಯಲ್ಲಿ.

ಓಟದ_ಮೇಷ್ಟ್ರು

ನನ್ನದು ಬೇರೆ ತೆರನಾದ ಕೋಚಿಂಗ್. ಧಾರವಾಡದ ಕಡೆ ಹುಡುಗ ಹುಡುಗಿಯರಿಗೆ ಇಪ್ಪತ್ತೆರಡು ವರ್ಷಗಳಿಂದ ಓಟ ಕಲಿಸುತ್ತಿದ್ದೇನೆ. ಆದರೆ ಹಳೆ_ರೇಡಿಯೋ ಅವರು ಬರೆದದ್ದನ್ನು ಓದಿದಾಗ ನನ್ನ ಮೈದಾನದ ಒಬ್ಬ ಹುಡುಗ ನೆನಪಾದ.

ಅವನು 400 ಮೀಟರ್ ಹರ್ಡಲ್ಸ್ ಓಡುತ್ತಿದ್ದ. ಎಲ್ಲರಿಗೂ ಹೇಳುವಂತೆ ಅವನಿಗೂ ನಾನು “ಲಯ ಹಿಡಿ, ಹರ್ಡಲನ್ನು ಮೈಯಲ್ಲೇ ಅನುಭವಿಸು” ಎನ್ನುತ್ತಿದ್ದೆ. ಅವನು ಪ್ರತಿ ಸಲ ಹರ್ಡಲಿನ ಮುಂದೆ ಬಂದು ಹೆಜ್ಜೆ ಕುಗ್ಗಿಸುತ್ತಿದ್ದ. ಹೇಳಿದ್ದನ್ನು ಕೇಳದ ಮೊಂಡ ಎಂದು ಒಂದು ಋತುವಿಡೀ ಬೈದೆ. ಅವನಿಗೆ ಆಟಿಸಂ ಇದೆಯೆಂದು ತಾಯಿ ಹೇಳಿದ್ದು ಆಮೇಲೆ. ಮರುದಿನ ನೆಲದ ಮೇಲೆ ಗೆರೆ ಎಳೆದು ಲೆಕ್ಕವನ್ನೇ ಹೇಳಿದೆ: ಮೊದಲ ಹರ್ಡಲಿಗೆ 45 ಮೀಟರ್, ಆಮೇಲೆ 35 ಮೀಟರಿಗೊಂದರಂತೆ ಒಟ್ಟು ಹತ್ತು, ಕೊನೆಯದರಿಂದ ಗುರಿಗೆ 40 ಮೀಟರ್, ನಡುವೆ ನಿನಗೆ ಬೇಕಾದದ್ದು 15 ಹೆಜ್ಜೆ. ಅವನು ಎಣಿಸಿಕೊಂಡು ಓಡಿದ. ಅವನ ಕಾಲಿನಲ್ಲಿ ದೋಷವಿರಲಿಲ್ಲ, ನನ್ನ ಮಾತಿನಲ್ಲಿತ್ತು. ಇನ್ನೊಬ್ಬಳು ಎಡಿಎಚ್‌ಡಿ ಇರುವ ಹುಡುಗಿ. ಅವಳಿಗೆ ಲೆಕ್ಕ ಹೇಳಿದರೆ ಅರ್ಧದಲ್ಲೇ ಕಣ್ಣು ಕಾಗೆಯತ್ತ ಹೋಗುತ್ತಿತ್ತು. ಅವಳಿಗೆ ಒಂದು ಓಟಕ್ಕೆ ಒಂದೇ ಮಾತು, ಅದೂ ಓಡುವುದಕ್ಕೆ ಮುಂಚಿನ ಕ್ಷಣದಲ್ಲಿ. ಸಂಜೆಗೆ ಮೂರು ಮಾತು ಉಳಿದರೆ ನನಗೆ ಸಾಕಾಗಿತ್ತು.

ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಇದು: ಮಾಡದೆ ಉಳಿದ ಕೆಲಸವನ್ನು ಸಣ್ಣದಾಗಿಸಿ, ಆದರೆ ಗುರಿಯನ್ನು ತಗ್ಗಿಸಬೇಡಿ. ಈಚೆಗೆ ಆಟಿಸಂ, ಎಡಿಎಚ್‌ಡಿಗಳನ್ನೆಲ್ಲ ವರ, ಅತಿಮಾನುಷ ಶಕ್ತಿ ಎಂದು ಹಾಡಿ ಹೊಗಳುವುದನ್ನು ಕೇಳುತ್ತೇನೆ. ನನಗೆ ಅದು ರುಚಿಸುವುದಿಲ್ಲ. ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಅವರ ವೈದ್ಯಕೀಯ ಕಡತವನ್ನು 2016ರಲ್ಲಿ ಯಾರೋ ಕದ್ದು ಬಯಲು ಮಾಡಿದಾಗ, ಅವರು ತಮಗೆ ಚಿಕ್ಕಂದಿನಿಂದ ಎಡಿಎಚ್‌ಡಿ ಇದೆ, ಅದಕ್ಕೆ ಔಷಧ ತೆಗೆದುಕೊಳ್ಳುತ್ತೇನೆ, ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ ಎಂದರು. ವರವೆಂದೂ ಹೇಳಲಿಲ್ಲ, ಶಾಪವೆಂದೂ ಹೇಳಲಿಲ್ಲ. ಅಂದಹಾಗೆ, ಕ್ರೀಡಾ ಕೋಚ್‌ಗಳು ಯಾರಾದರೂ ಓದುತ್ತಿದ್ದರೆ ಗಮನಿಸಿ: ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಸ್ಪರ್ಧೆಯ ವೇಳೆ ನಿಷೇಧಿತ ಉತ್ತೇಜಕಗಳ ಪಟ್ಟಿಯಲ್ಲಿದೆ. ಚಿಕಿತ್ಸೆಗಾಗಿ ಬಳಸಲು ಮೊದಲೇ ವಿನಾಯಿತಿ ಪಡೆಯದೆ ಮಕ್ಕಳನ್ನು ದೊಡ್ಡ ಕೂಟಗಳಿಗೆ ಕರೆದೊಯ್ಯಬೇಡಿ. ಔಷಧವನ್ನು ನೀವೇ ನಿಲ್ಲಿಸಲು ಹೇಳುವುದಂತೂ ಬೇಡವೇ ಬೇಡ.

ತೆರೆದ_ಕಿಟಕಿ

ನಾನು ಬೆಂಗಳೂರಿನಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್. ಮೊದಲಿಗೆ ತಲೆಬರಹದ ಬಗ್ಗೆ ಒಂದು ಸಣ್ಣ ತಕರಾರು. ನರವೈವಿಧ್ಯ ಎಂಬ ಮಾತು 1990ರ ದಶಕದಲ್ಲಿ ಆಟಿಸಂ ಇರುವವರೇ ಸೇರಿದ್ದ ಅಂತರ್ಜಾಲದ ಬಳಗಗಳ ಚರ್ಚೆಯಿಂದ ಬೆಳೆದದ್ದು. ಆಸ್ಟ್ರೇಲಿಯಾದ ಜೂಡಿ ಸಿಂಗರ್ 1998ರಲ್ಲಿ ಅದನ್ನು ತಮ್ಮ ಪ್ರಬಂಧದಲ್ಲಿ ಬಳಸಿದರು. ಕಾಡಿನಲ್ಲಿ ಜೀವವೈವಿಧ್ಯ ಇರುವಂತೆ ಮನುಷ್ಯರ ಮಿದುಳುಗಳಲ್ಲಿಯೂ ವೈವಿಧ್ಯ ಇದೆ ಎಂಬುದು ಅದರ ಭಾವ. ಒಂದೇ ಮರದಲ್ಲಿ ಕಾಡಿನ ವೈವಿಧ್ಯ ಇರಲಾರದಷ್ಟೆ. ನೀವು, ನಾನು, ನಿಮ್ಮ ಎಂಜಿನಿಯರ್ ಎಲ್ಲರೂ ಸೇರಿ ನರವೈವಿಧ್ಯ. ಬಳಕೆಯಲ್ಲಿ “ನರವೈವಿಧ್ಯವುಳ್ಳವರು” ಎಂಬುದು ರೂಢಿಯಾಗಿಬಿಟ್ಟಿದೆ, ಇರಲಿ.

ನನ್ನ ಮುಖ್ಯ ಮಾತು ಮೂರನೆಯ ಪ್ರಶ್ನೆಯ ಬಗ್ಗೆ. ವರದಿಯಲ್ಲಿ ರೋಗನಿರ್ಣಯದ ಹೆಸರನ್ನಾಗಲಿ, ಅದನ್ನು ಊಹಿಸಬಹುದಾದ ವಿವರವನ್ನಾಗಲಿ, ಅವರ ಲಿಖಿತ ಒಪ್ಪಿಗೆಯಿಲ್ಲದೆ ಬರೆಯಬೇಡಿ. “ಗಮನ ಚದರುತ್ತದೆ”, “ಭಾವನೆ ವ್ಯಕ್ತಪಡಿಸುವುದಿಲ್ಲ” ಎಂಬ ವಾಕ್ಯಗಳು ಹೆಸರು ಹೇಳದೆಯೇ ಎಲ್ಲವನ್ನೂ ಹೇಳಿಬಿಡುತ್ತವೆ. ಎಷ್ಟು ಭೇಟಿ ನಡೆಯಿತು, ಯಾವ ಗುರಿಗಳ ಮೇಲೆ ಕೆಲಸ ನಡೆದಿದೆ ಎಂಬಷ್ಟನ್ನೇ ಬರೆದು, ಕಳುಹಿಸುವ ಮುನ್ನ ಅವರಿಗೆ ತೋರಿಸಿ. ಕಂಪನಿಗೆ ತಿಳಿಸಬೇಕೇ ಬೇಡವೇ ಎಂಬ ನಿರ್ಧಾರ ಅವರದು. ತಿಳಿಸಿದರೆ ಏನು ಸಿಗಬಹುದು ಎಂಬುದು ಮಾತ್ರ ಅವರಿಗೆ ಗೊತ್ತಿರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ವೈಕಲ್ಯಗಳಲ್ಲಿ ಆಟಿಸಂ ಇದೆ, ನಿರ್ದಿಷ್ಟ ಕಲಿಕಾ ನ್ಯೂನತೆಗಳೂ ಇವೆ. ಎಡಿಎಚ್‌ಡಿಯ ಹೆಸರು ಅದರಲ್ಲಿಲ್ಲ. ವ್ಯಕ್ತಿಗೆ ಬೇಕಾದ ಸಮಂಜಸ ಹೊಂದಾಣಿಕೆಯನ್ನು (ಎಂದರೆ ಅವರ ಅಗತ್ಯಕ್ಕೆ ತಕ್ಕಂತೆ ಮಾಡಿಕೊಡುವ ಬದಲಾವಣೆಯನ್ನು) ನಿರಾಕರಿಸುವುದನ್ನೂ ಆ ಕಾಯ್ದೆ ತಾರತಮ್ಯ ಎಂದೇ ಕರೆಯುತ್ತದೆ. ಶೇ. 40ರಷ್ಟು ವೈಕಲ್ಯವಿದೆಯೆಂಬ ಪ್ರಮಾಣಪತ್ರವಿಲ್ಲದಿದ್ದರೆ ಏನೂ ಸಿಗದೆಂದು ಅನೇಕರು ತಿಳಿದಿದ್ದಾರೆ. ಆ ಮಿತಿ ಮೀಸಲಾತಿಯಂಥ ಸೌಲಭ್ಯಗಳಿಗೆ; ಹೊಂದಾಣಿಕೆ ಕೇಳಲು ಅದು ಷರತ್ತಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 2021ರಲ್ಲಿ, ಬರೆಯುವಾಗ ಕೈ ಸೆಡೆತುಕೊಳ್ಳುತ್ತಿದ್ದ ಯುಪಿಎಸ್‌ಸಿ ಅಭ್ಯರ್ಥಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಕಾಯ್ದೆ ಹೀಗಿದ್ದರೂ, ಹೇಳಿಕೊಂಡ ಮೇಲೆ ಬಡ್ತಿ ನಿಂತವರನ್ನೂ ನಾನು ನೋಡಿದ್ದೇನೆ. ಆದ್ದರಿಂದ ಅವರನ್ನು ಹೇಳಿಕೊಳ್ಳುವಂತೆ ಹುರಿದುಂಬಿಸುವ ಕೆಲಸ ನಿಮ್ಮದಲ್ಲ.

ಇನ್ನೊಂದು ಎಚ್ಚರಿಕೆ. ಈ ಒಬ್ಬರ ಅನುಭವದ ನಂತರ ನಿಮಗೆ ಎಲ್ಲರಲ್ಲೂ ಎಡಿಎಚ್‌ಡಿ ಕಾಣತೊಡಗಬಹುದು. ಎಡಿಎಚ್‌ಡಿ ಎನ್ನಬೇಕಾದರೆ ಹನ್ನೆರಡು ವರ್ಷದೊಳಗೇ ಅದರ ಲಕ್ಷಣಗಳು ಕಂಡಿರಬೇಕು. ನಿದ್ದೆಗೇಡು, ಖಿನ್ನತೆ, ಥೈರಾಯ್ಡ್ ತೊಂದರೆಗಳೂ ಹೊರಗಿನಿಂದ ಹಾಗೆಯೇ ತೋರುತ್ತವೆ. “ನಿಮಗೆ ಹೀಗಿರಬಹುದು” ಎಂದು ಕೋಚ್ ಹೇಳಬಾರದು. “ಯಾವುದು ಸುಲಭ, ಯಾವುದು ಕಷ್ಟ, ಹೇಗೆ ಮಾತಾಡಿದರೆ ನಿಮಗೆ ಅನುಕೂಲ?” ಎಂದು ಮೊದಲ ಭೇಟಿಯಲ್ಲಿ ಎಲ್ಲರನ್ನೂ ಕೇಳಬಹುದು. ಹಾಗೆ ಕೇಳಿದ್ದರೆ ನಿಮ್ಮ ಎಂಜಿನಿಯರ್ ಐದನೆಯ ಭೇಟಿಯವರೆಗೆ ಕಾಯಬೇಕಾಗುತ್ತಿರಲಿಲ್ಲವೇನೋ.

ಒತ್ತಕ್ಷರ

ಎಲ್ಲವನ್ನೂ ಬರೆದು ಕಳುಹಿಸಿ ಎಂಬ ಹಳೆ_ರೇಡಿಯೋ ಅವರ ಸಲಹೆ ಅವರ ಮಟ್ಟಿಗೆ ಸರಿ. ಅದನ್ನು ನಿಯಮ ಮಾಡಿಕೊಳ್ಳಬೇಡಿ ಎಂದು ಹೇಳುವುದಕ್ಕಾಗಿ ಬರೆಯುತ್ತಿದ್ದೇನೆ. ನನಗೆ ಡಿಸ್ಲೆಕ್ಸಿಯಾ (ಓದು ಬರಹ ಸರಾಗವಾಗಿ ಬಾರದ ಕಲಿಕೆಯ ತೊಂದರೆ) ಇದೆ, ಕಲಿಕೆಯ ತೊಂದರೆ ಇರುವ ಮಕ್ಕಳಿಗೆ ಪಾಠ ಹೇಳುವುದೂ ನನ್ನ ಕೆಲಸ. ನನ್ನ ಕೋಚ್ ಪ್ರತಿ ಭೇಟಿಗೆ ಮುಂಚೆ ಎರಡು ಪುಟದ ಪ್ರಶ್ನೆಗಳನ್ನು ಕಳುಹಿಸುತ್ತಿದ್ದರು. ಅದನ್ನು ಓದಿ ಮುಗಿಸುವುದರಲ್ಲೇ ನನ್ನ ಭಾನುವಾರ ಮುಗಿಯುತ್ತಿತ್ತು. ಅದೇ ಪ್ರಶ್ನೆಗಳನ್ನು ವಾಟ್ಸಾಪಿನಲ್ಲಿ ಧ್ವನಿಸಂದೇಶವಾಗಿ ಕಳುಹಿಸಿದ ವಾರ ನಾನು ಬೆಳಗಿನ ನಡಿಗೆಯಲ್ಲೇ ಉತ್ತರ ಯೋಚಿಸಿ ಬಂದಿದ್ದೆ.

ಡಿಸ್ಲೆಕ್ಸಿಯಾ ಎಂದರೆ ಕಾಗುಣಿತದ ತಪ್ಪು ಎಂದುಕೊಂಡಿರುವ ಕೋಚ್‌ಗಳು ಕನ್ನಡದವರಲ್ಲಿ ಅದನ್ನು ಗುರುತಿಸಲಾರರು. ಇಂಗ್ಲಿಷಿನಲ್ಲಿ ಬರೆದಂತೆ ಓದುವುದಿಲ್ಲವಾದ್ದರಿಂದ ಅಲ್ಲಿ ತಪ್ಪು ಎದ್ದು ಕಾಣುತ್ತದೆ. ಕನ್ನಡದಲ್ಲಿ ಬಹುಮಟ್ಟಿಗೆ ಬರೆದಂತೆ ಓದುತ್ತೇವೆ. ಆದ್ದರಿಂದ ನಮ್ಮವರು ತಪ್ಪಿಲ್ಲದೆ, ಆದರೆ ಬಹಳ ನಿಧಾನವಾಗಿ ಓದುತ್ತಾರೆ, ಒತ್ತಕ್ಷರ ಬಂದಲ್ಲಿ ಎಡವುತ್ತಾರೆ, ಮಹಾಪ್ರಾಣ ಬಿಡುತ್ತಾರೆ. ಅಕ್ಷರ ಐವತ್ತರ ಒಳಗೇ ಇದ್ದರೂ ಕಾಗುಣಿತ, ಒತ್ತುಗಳು ಸೇರಿ ಕಲಿಯಬೇಕಾದ ರೂಪಗಳು ನೂರಾರು. ಅವೆಲ್ಲ ಕೈವಶವಾಗಲು ಮಕ್ಕಳಿಗೆ ಮೊದಲ ಎರಡು ತರಗತಿಗಳು ಸಾಲುವುದಿಲ್ಲ ಎಂಬುದನ್ನು ಸೊನಾಲಿ ನಾಗ್ ಅವರು ಕನ್ನಡ ಓದುವ ಮಕ್ಕಳ ಕುರಿತ 2007ರ ಅಧ್ಯಯನದಲ್ಲಿ ತೋರಿಸಿದ್ದಾರೆ. ಹೀಗಾಗಿ ನಿಧಾನ ಓದನ್ನು ಮೊದಲು ಸಹಜವೆಂದು, ಆಮೇಲೆ ಸೋಮಾರಿತನವೆಂದು ತಳ್ಳಿಹಾಕುತ್ತಾರೆ. ದೊಡ್ಡವನಾದ ಮೇಲೆ ಅದೇ ವ್ಯಕ್ತಿ “ನೀವು ಕಳುಹಿಸಿದ್ದನ್ನು ಓದಲು ಪುರುಸೊತ್ತಾಗಲಿಲ್ಲ” ಎನ್ನುತ್ತಾನೆ. ನಾನು ಇಪ್ಪತ್ತು ವರ್ಷ ಹಾಗೆಯೇ ಹೇಳಿದೆ.

ಹಳೆ_ರೇಡಿಯೋ

ಒತ್ತಕ್ಷರ ಅವರು ಹೇಳಿದ್ದನ್ನು ಒಪ್ಪುತ್ತೇನೆ. ಧ್ವನಿಸಂದೇಶ ಬಂದರೆ ನಾನು ಮೂರು ದಿನ ತೆರೆಯುವುದೇ ಇಲ್ಲ. ನಿಮಗೆ ಅನುಕೂಲವಾದದ್ದೇ ನನಗೆ ಪೀಡೆ.

ಮಾಡದೆ ಉಳಿದ ಕೆಲಸದ ಬಗ್ಗೆ ಮೇಷ್ಟ್ರ ಮಾತಿಗೆ ಒಂದು ಸೇರ್ಪಡೆ. ಎಡಿಎಚ್‌ಡಿ ಇರುವವರಿಗೆ ಕಾಲ ಎಂಬುದು “ಈಗ” ಮತ್ತು “ಈಗಲ್ಲ” ಎಂದು ಎರಡೇ. ಹದಿನೈದು ದಿನದ ನಂತರದ ಭೇಟಿ “ಈಗಲ್ಲ”ಕ್ಕೆ ಸೇರುತ್ತದೆ, ಹಾಗಾಗಿ ಹಿಂದಿನ ರಾತ್ರಿಯವರೆಗೆ ಅದು ಕಣ್ಣಿಗೇ ಬೀಳುವುದಿಲ್ಲ. ಏನು ಮಾಡಬೇಕೆಂಬುದು ನಮಗೆ ಗೊತ್ತಿರುತ್ತದೆ, ಆರಂಭಿಸುವುದೇ ಆಗುವುದಿಲ್ಲ. ನನ್ನ ಈಗಿನ ಕೋಚ್ ಭೇಟಿಯ ಕೊನೆಯ ಹದಿನೈದು ನಿಮಿಷ ಏನೂ ಮಾತಾಡದೆ ಎದುರಿಗೆ ಕುಳಿತು ತಮ್ಮ ಕೆಲಸ ಮಾಡಿಕೊಳ್ಳುತ್ತಾರೆ, ನಾನು ಆ ಹೊತ್ತಿನಲ್ಲಿ ಕೆಲಸದ ಮೊದಲ ತುಂಡನ್ನು ಮುಗಿಸುತ್ತೇನೆ. ಒಬ್ಬರು ಪಕ್ಕದಲ್ಲಿದ್ದರೆ ಕೈ ಓಡುತ್ತದೆ. ಪರೀಕ್ಷೆಯ ದಿನಗಳಲ್ಲಿ ನನ್ನಜ್ಜಿ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಕೂರುತ್ತಿದ್ದದ್ದು ಇದೇ ಉಪಾಯವಿರಬೇಕು.

ನೇರಳೆಮರ

ಎಲ್ಲರಿಗೂ ಕೃತಜ್ಞತೆಗಳು. ಇದಾದ ಮೇಲೆ ಎರಡು ಭೇಟಿಗಳು ನಡೆದಿವೆ. ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ.

ಮೊದಲಿಗೆ, ತೆರೆದ_ಕಿಟಕಿ ಅವರು ಹೇಳಿದ ಪ್ರಶ್ನೆಯನ್ನು ತಡವಾಗಿಯಾದರೂ ಕೇಳಿದೆ. ಎಂಜಿನಿಯರ್ ಬರಹವನ್ನೇ ಆರಿಸಿಕೊಂಡರು, ಆದರೆ ಒಮ್ಮೆಗೆ ಮೂರು ಪ್ರಶ್ನೆಗಳಿಗಿಂತ ಹೆಚ್ಚು ಬೇಡವೆಂದರು. ಕ್ಯಾಮೆರಾ ಮುಚ್ಚಬಹುದೇ ಎಂದು ಕೇಳಿದರು; ನಾನೂ ಮುಚ್ಚಿದೆ. ಎದುರಿಗೆ ಮುಖವಿಲ್ಲದೆ ಮಾತಾಡುವುದು ನನಗೆ ಕಷ್ಟವಾಯಿತೆಂಬುದನ್ನೂ ಒಪ್ಪಿಕೊಳ್ಳಬೇಕು. ನಾನು ಎಷ್ಟೊಂದನ್ನು ಮುಖ ನೋಡಿ ಊಹಿಸುತ್ತಿದ್ದೆ, ಆ ಊಹೆಗಳಲ್ಲಿ ಎಷ್ಟು ತಪ್ಪಾಗಿದ್ದವು ಎಂಬುದು ಆಗಲೇ ತಿಳಿದದ್ದು. “ಆ ಸಭೆಯಲ್ಲಿ ಮೊದಲು ಯಾರು ಮಾತಾಡಿದರು?” ಎಂಬಲ್ಲಿಂದ ಹೊರಟ ಮಾತು, ತಂಡದವರು ಅರ್ಧ ವಾಕ್ಯದಲ್ಲಿ ನಿಲ್ಲಿಸಿದರೆ ಅದನ್ನು ಸಮ್ಮತಿಯೆಂದು ತಿಳಿಯಬೇಕೋ ಅಸಮಾಧಾನವೆಂದು ತಿಳಿಯಬೇಕೋ ತಮಗೆ ತಿಳಿಯುವುದಿಲ್ಲ ಎಂಬಲ್ಲಿಗೆ ಬಂದು ನಿಂತಿತು. ನಾಲ್ಕು ಭೇಟಿಗಳಲ್ಲಿ ನಾನು ಹುಡುಕುತ್ತಿದ್ದದ್ದು ಇದನ್ನೇ. ಈಗ ಅವರು ಪ್ರತಿ ಸಭೆಯ ಕೊನೆಗೆ “ಇದಕ್ಕೆ ಯಾರ ಆಕ್ಷೇಪವಿದೆ?” ಎಂದು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೇಳುತ್ತಿದ್ದಾರೆ. ಅದು ತಂಡಕ್ಕೂ ಅನುಕೂಲವಾಗಿದೆಯಂತೆ. ಒಬ್ಬರಿಗೆ ಮಾತ್ರ ಅದು ವಿಚಾರಣೆಯಂತೆ ಕಾಣುತ್ತದೆಯಂತೆ. ಅದನ್ನಿನ್ನೂ ಬಗೆಹರಿಸಿಲ್ಲ.

ಕೊನೆಯ ಹದಿನೈದು ನಿಮಿಷ ಜೊತೆಗೆ ಕುಳಿತು ಕೆಲಸ ಮಾಡುವ ಉಪಾಯ ಮೊದಲ ಸಲ ಫಲಿಸಿತು, ಎರಡನೆಯ ಸಲ ಫಲಿಸಲಿಲ್ಲ. ಕಾರಣ ಕೇಳಿದಾಗ, ಆ ದಿನ ಬೆಳಗಿನಿಂದ ಮೂರು ಸಭೆಗಳಾಗಿದ್ದವು ಎಂದರು. ಭೇಟಿಯನ್ನು ಸಂಜೆಯಿಂದ ಬೆಳಗಿನ ಎಂಟೂವರೆಗೆ ಬದಲಿಸಿಕೊಂಡಿದ್ದೇವೆ.

ಪ್ರಗತಿ ವರದಿಯನ್ನು ಇಬ್ಬರೂ ಕುಳಿತು ಬರೆದೆವು, ಎಂಟು ಸಾಲು. ಕಂಪನಿಯವರಿಗೆ ಅದು ಚಿಕ್ಕದೆನಿಸಿತು, ಹೆಚ್ಚಿನ ವಿವರ ಕೇಳಿದರು. ಒಪ್ಪಂದದಲ್ಲಿರುವುದು ಇಷ್ಟೇ ಎಂದು ಉತ್ತರಿಸಿದೆ. ಆರಂಭದಲ್ಲಿ ಮೂರೂ ಕಡೆಯವರು ಕೂಡಿ ಮಾಡಿಕೊಂಡ ಒಪ್ಪಂದದಲ್ಲಿ ಗೋಪ್ಯತೆಯ ಸಾಲು ಇತ್ತು. ಅದರ ಬೆಲೆ ಈಗ ತಿಳಿಯಿತು.

ವರದಿ ಬರೆಯುವಾಗ ಅವರು ನನ್ನ ಹಳೆಯ ಟಿಪ್ಪಣಿಗಳನ್ನು ನೋಡಬಹುದೇ ಎಂದು ಕೇಳಿದರು. “ಪ್ರತಿರೋಧ ಇದೆ” ಎಂದು ಬರೆದಿದ್ದ ಪುಟವನ್ನು ತೋರಿಸಲು ಹಿಂಜರಿದೆ, ಆದರೂ ತೋರಿಸಿದೆ. ಅವರು ಅದನ್ನು ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಸಾಲಿನ ಪಕ್ಕದಲ್ಲಿ ಬರೆದುಕೊಳ್ಳಲು ಹೇಳಿದ್ದು ಇಷ್ಟು: “ಪ್ರಶ್ನೆ ಅರ್ಥವಾಗಿರಲಿಲ್ಲ. ಕೇಳಬಹುದೆಂದು ಗೊತ್ತಿರಲಿಲ್ಲ.”